ಮೊದಲ ತಟ್ಟೆಯ ಮುಂದೆ ಕುಳಿತು

ಈ ಬರಹವನ್ನು ಕೈಗೆತ್ತಿಕೊಂಡವರು ಮೊದಲಿಗೇ ನನ್ನನ್ನು ಮನ್ನಿಸಬೇಕು. ನಾನು ಬಿ.ಎ. ಓದಿದವಳು ನಿಜ, ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳೂ ಹೌದು. ಆದರೆ ಓದು ಮುಗಿದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬರೆದದ್ದು ಕರಿಹಲಗೆಯ ಮೇಲೆ ಆಯಾ ದಿನದ ಅಡುಗೆಯ ಹೆಸರುಗಳನ್ನು ಮಾತ್ರ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಮೂರು ಬಾರಿ ಬರೆದು ಹರಿದಿದ್ದೇನೆ. ವಾಕ್ಯಗಳಲ್ಲಿ ದೋಷ ಕಂಡರೆ ಅದು ನನ್ನದು. ಹೇಳಿರುವ ಸಂಗತಿಗಳಲ್ಲಿ ಮಾತ್ರ ಏನನ್ನೂ ಕೂಡಿಸಿಲ್ಲ.

ಬರೆಯಲು ಹೇಳಿದವಳು ಅಣ್ಣನ ಮಗಳು ಶೋಭಾ. ಹೋಟೆಲಿನ ಹೊಣೆಯನ್ನು ಅವಳಿಗೆ ಒಪ್ಪಿಸಿದ ವಾರ ಬಂದು, "ಅತ್ತೆ, ನೀವು ಅಲ್ಲಿ ಏನೇನ್ ತಪ್ಪು ಮಾಡಿದ್ರಿ ಅಂತ ಬರೆದುಕೊಡಿ. ಸರಿ ಮಾಡಿದ್ದು ಬೇಡ, ಅದನ್ನ ದಿನಾ ಹೇಳ್ತಾನೇ ಇರ್ತೀರ" ಎಂದಳು. ಅವಳಂತೆಯೇ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ ಇದರಿಂದ ಸ್ವಲ್ಪ ಉಪಯೋಗವಾಗಬಹುದು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನಮ್ಮದು ಹಲಸೂರಿನಿಂದ ಜೋಗುಪಾಳ್ಯಕ್ಕೆ ಹೋಗುವ ಒಂದು ಅಡ್ಡರಸ್ತೆಯಲ್ಲಿರುವ ಮಿಲಿಟರಿ ಹೋಟೆಲು. ಆರು ಬೆಂಚು, ಆರು ಮೇಜು. ರಾಗಿ ಮುದ್ದೆ, ಮಟನ್ ಸಾರು, ಬೋಟಿ, ಕಾಲು ಸೂಪು. ಸೋಮವಾರ ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲವಾದ್ದರಿಂದ ಅಂದು ರಜೆ. ತಾತನವರು ಬೈಯಪ್ಪನಹಳ್ಳಿಯ ಕಡೆ ಸೊಪ್ಪು ಬೆಳೆಯುತ್ತಿದ್ದರು. ಆ ನೆಲ ಬಡಾವಣೆಯಾದ ಮೇಲೆ ಅಪ್ಪ ಇಲ್ಲಿ ಒಂದು ಕಟ್ಟಡ ಕೊಂಡು ಒಲೆ ಹೂಡಿದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ತೀರಿಕೊಂಡಾಗ ಹೋಟೆಲು ನಮ್ಮ ಮೂವರ ಪಾಲಿಗೆ ಬಂತು. ಅಣ್ಣ ಕೃಷ್ಣಪ್ಪ ಸಾರಿನ ಒಲೆಯ ಮುಂದೆ ನಿಂತ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಪುಟ್ಟ ಮಗಳೊಂದಿಗೆ ತವರಿಗೆ ಬಂದಿದ್ದ ಅಕ್ಕ ಲಕ್ಷ್ಮಮ್ಮ, ನಮ್ಮ ಬಾಯಲ್ಲಿ ಲಚ್ಚಮ್ಮ, ಮುದ್ದೆಯ ಒಲೆಯ ಮುಂದೆ ನಿಂತಳು. ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಬರೆದು ಫಲಿತಾಂಶ ಕಾಯುತ್ತಿದ್ದ ನಾನು, ಸರೋಜ, ಎರಡು ತಿಂಗಳ ಮಟ್ಟಿಗೆಂದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೆ. ಆ ಎರಡು ತಿಂಗಳು ನನ್ನ ವೃತ್ತಿಜೀವನವಾಯಿತು.

ಅಪ್ಪ ಬಿಟ್ಟುಹೋದ ಒಂದು ಕಟ್ಟುಪಾಡನ್ನು ಇಲ್ಲಿ ಹೇಳಿಬಿಡಬೇಕು. ನಮ್ಮ ಹೋಟೆಲಿನಲ್ಲಿ ಸಾರು ಮಾಡಿದವರು ಅದರ ರುಚಿ ನೋಡುವಂತಿಲ್ಲ. ಹನ್ನೊಂದೂವರೆಗೆ ಮೊದಲನೆಯ ಮುದ್ದೆ, ಒಂದು ಸೌಟು ಸಾರು ತಟ್ಟೆಗೆ ಬೀಳಬೇಕು. ಮನೆಯವರೇ ಇನ್ನೊಬ್ಬರು ಗಿರಾಕಿಯ ಬೆಂಚಿನ ಮೇಲೆ ಕುಳಿತು ಅದನ್ನು ಉಣ್ಣಬೇಕು. ಅವರು "ಆಯ್ತು" ಎಂದರೆ ಮಾತ್ರ ಬಾಗಿಲ ಹಲಗೆಗಳನ್ನು ತೆಗೆಯಬೇಕು. ಇದಕ್ಕೆ ನಾವು ಮೊದಲ ತಟ್ಟೆ ಎನ್ನುತ್ತಿದ್ದೆವು. ಅಣ್ಣನ ಸಾರಿಗೆ ಮೊದಲ ತಟ್ಟೆ ಉಣ್ಣುತ್ತಿದ್ದವಳು ಅಕ್ಕ. ನಾನು ಆ ಜಾಗದಲ್ಲಿ ಕೂರುವ ಧೈರ್ಯ ಮಾಡಿರಲಿಲ್ಲ. ಅಡುಗೆಮನೆಯ ವಿಷಯದಲ್ಲಿ ಪುಸ್ತಕ ಓದಿದವಳು ಬಾಯಿ ಹಾಕಬಾರದೆಂದು ನನಗೆ ನಾನೇ ವಿಧಿಸಿಕೊಂಡಿದ್ದೆ.

ಆದರೂ ಗಲ್ಲಾದ ಆಚೆಗೆ ಕೈಚಾಚದೆ ಇರಲು ನನ್ನಿಂದ ಆಗಲಿಲ್ಲ. ಮೊದಲಿಗೆ ಕರಿಹಲಗೆ. ಕಾಲು ಸೂಪು ಎಂದು ಬರೆದರೆ ಶುದ್ಧವಾಗಿ ಕಾಣುವುದಿಲ್ಲವೆಂದು "ಮೇಕೆ ಕಾಲಿನ ಸಾರ" ಎಂದು ಬರೆದೆ. ನಮ್ಮ ಹಳೆಯ ಗಿರಾಕಿ ರಾಮಯ್ಯನವರು, ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು, ಕನ್ನಡಕ ಸರಿಪಡಿಸಿಕೊಂಡು ಓದಿ, "ಏನಮ್ಮಾ ಸರೋಜ, ಊಟದ ಮುಂಚೆ ತಗೊಳ್ಬೇಕಾ, ಆಮೇಲಾ? ಎಷ್ಟು ಚಮಚ?" ಎಂದು ಕೇಳಿದರು. ಇಡೀ ಹೋಟೆಲು ನಕ್ಕಿತು. ಮಾರನೆಯ ದಿನ ಕಾಲು ಸೂಪು ಕಾಲು ಸೂಪೇ ಆಯಿತು.

ಎರಡನೆಯ ತಪ್ಪು ನಗುವಂಥದ್ದಾಗಿರಲಿಲ್ಲ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ ಇದೆ. ಅಕ್ಕ ಮುದ್ದೆ ಕಟ್ಟುವ ಮುಂಚೆ ಆ ಕಿಂಡಿಯಿಂದ ಯಾರು ಬಂದು ಕುಳಿತರೆಂದು ನೋಡುತ್ತಿದ್ದಳು, ಆಮೇಲೆ ಹಿಟ್ಟಿಗೆ ಕೈಹಾಕುತ್ತಿದ್ದಳು. ಒಬ್ಬರ ತಟ್ಟೆಯಲ್ಲಿ ದೊಡ್ಡ ಮುದ್ದೆ, ಇನ್ನೊಬ್ಬರದರಲ್ಲಿ ಸಣ್ಣದು. ಬೆಲೆ ಒಂದೇ. ಇದು ನನಗೆ ಅನ್ಯಾಯವಾಗಿ ಕಂಡಿತು. ಶಿವಾಜಿನಗರಕ್ಕೆ ಹೋಗಿ ಒಂದು ತಕ್ಕಡಿ, ತೂಕದ ಬಟ್ಟುಗಳನ್ನು ತಂದು, ಎಲ್ಲ ಮುದ್ದೆಯೂ ಒಂದೇ ತೂಕದ್ದಾಗಿರಬೇಕೆಂದು ಅಕ್ಕನಿಗೆ ಹೇಳಿದೆ. ಅವಳು ತಕ್ಕಡಿಯನ್ನೂ ನನ್ನನ್ನೂ ನೋಡಿ, "ಸರಿ ಕಣೆ, ಓದಿದೋಳು ನೀನು" ಎಂದಳು.

ಪೈಂಟರ್ ಅರುಳ್ ಎಂಬ ಜೋಗುಪಾಳ್ಯದ ತಮಿಳು ಗಿರಾಕಿ ಮೊದಲ ದಿನವೇ ಮುದ್ದೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಎನ್ನ ಮೇಡಮ್ ಇದು, ಬಿಸ್ಕತ್ತಾ? ಬೆಳಿಗ್ಗೆಯಿಂದ ಏಣಿ ಮೇಲೆ ನಿಂತಿದೀನಿ. ಇದು ತಿಂದ್ರೆ ಮೊದಲ್ನೇ ಮೆಟ್ಲು ಹತ್ತಕ್ಕಾಗಲ್ಲ."

"ಇನ್ನೊಂದು ಹಾಕಿಸ್ಕೋ ಅರುಳ್."

"ಅದ್ಕೆ ಬೇರೆ ದುಡ್ಡಾ?"

"ನಿಯಮ ಎಲ್ಲರಿಗೂ ಒಂದೇ."

"ಹಸಿವು ಒಂದೇನಾ ಮೇಡಮ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಂಡು ಎದ್ದುಹೋದ. ಅವನ ಜೊತೆಗೆ ಬರುತ್ತಿದ್ದ ನಾಲ್ಕು ಜನ ಮುಂದಿನ ವಾರದಿಂದ ಬರಲಿಲ್ಲ. ರಾಮಯ್ಯನವರೂ ಬರಲಿಲ್ಲ. ಇದು ನನಗೆ ಅರ್ಥವಾಗಲಿಲ್ಲ. ಅವರಿಗೆ ಮೊದಲಿಗಿಂತ ದೊಡ್ಡ ಮುದ್ದೆಯೇ ಸಿಗುತ್ತಿತ್ತು. ಮೂರು ವಾರದ ಮೇಲೆ ಅಕ್ಕ ಅವರನ್ನು ಸೋಮೇಶ್ವರ ದೇವಸ್ಥಾನದ ಬಳಿ ಕಂಡು ಕೇಳಿದಳಂತೆ. "ಅಷ್ಟೊಂದು ನನ್ ಕೈಲಿ ಆಗಲ್ಲ ಲಚ್ಚಮ್ಮ. ತಟ್ಟೇಲಿ ಅನ್ನ ಬಿಟ್ಟು ಏಳೋಕೆ ನಾಚಿಕೆ ಆಗುತ್ತೆ" ಎಂದರಂತೆ.

ಅಕ್ಕ ಇದನ್ನು ನನಗೆ ಹೇಳಿದಾಗ ಅವಳ ಧ್ವನಿಯಲ್ಲಿ ಚುಚ್ಚು ಇರಲಿಲ್ಲ. ತಕ್ಕಡಿಯನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ರಾಮಯ್ಯನವರ ಮನೆಗೆ ಹೋಗಿ ಕರೆದು ಬಂದೆ. ಅರುಳ್ ಕರೆಯದೆಯೇ ಬಂದ, ಬಂದವನು ಕಿಂಡಿಯೊಳಗೆ ಇಣುಕಿ, "ಅಕ್ಕಾ, ನಾನು ಬಂದಿದೀನಿ, ನೋಡ್ಕೊಂಡು ಹಾಕಿ" ಎಂದು ಕೂಗಿದ.

ಆ ಹತ್ತು ವರ್ಷಗಳಲ್ಲಿ ಕೆಲಸದ ರೀತಿ ಬಹಳ ಬದಲಾಯಿತು. ಸೌದೆ ಹೋಗಿ ಗ್ಯಾಸು ಬಂತು. ಒರಳುಕಲ್ಲಿನ ಜಾಗದಲ್ಲಿ ಗ್ರೈಂಡರು ನಿಂತಿತು. ಸುತ್ತಮುತ್ತ ನಿಂತು ತಿನ್ನುವ ದರ್ಶಿನಿಗಳು ಬಂದವು. ಇಂದಿರಾನಗರದ ಕಡೆ ಹೊಸ ಹೊಸ ಊಟದ ಮನೆಗಳಾದವು. ನಮ್ಮ ಬೆಂಚುಗಳಲ್ಲಿ ಕೆಲವು ಮಧ್ಯಾಹ್ನ ಖಾಲಿ ಉಳಿಯತೊಡಗಿದವು. ಪಾದರಕ್ಷೆಯ ಅಂಗಡಿಯವರೊಬ್ಬರು ನಮ್ಮ ಜಾಗವನ್ನು ಬಾಡಿಗೆಗೆ ಕೇಳಿಕೊಂಡು ಎರಡು ಬಾರಿ ಬಂದುಹೋದರು. ಅಣ್ಣ ಎರಡು ಬಾರಿಯೂ ಅವರಿಗೆ ಸೂಪು ಕೊಟ್ಟು ಕಳಿಸಿದ. ಉಳಿದ ಗಿರಾಕಿಗಳು ಬರುತ್ತಿದ್ದುದು ಅವನ ಸಾರಿಗಾಗಿ. ಅದೊಂದು ಕೆಟ್ಟರೆ ನಮ್ಮಲ್ಲಿ ಬೇರೇನೂ ಉಳಿಯುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಇನ್ನು ಮುಂದಿನದನ್ನು ಬರೆಯುವುದು ನನಗೆ ಕಷ್ಟ. ಆದರೆ ಶೋಭಾ ಕೇಳಿದ್ದು ಇದನ್ನೇ.

ಎರಡು ಸಾವಿರದ ಆಚೀಚಿನ ಒಂದು ವರ್ಷ ಅಕ್ಕ ಮಗಳ ಬಾಣಂತನಕ್ಕೆಂದು ಹೊಸಕೋಟೆಯ ಕಡೆಗೆ ಹೊರಟಳು. ಅವಳು ಹೋಟೆಲು ಬಿಟ್ಟು ಹೋದದ್ದು ಅದೇ ಮೊದಲು. ಹೊರಡುವ ಮುಂಚೆ ಎರಡು ಬಾರಿ ಹೊಸ್ತಿಲವರೆಗೆ ಹೋಗಿ ವಾಪಸ್ಸು ಬಂದಳು. ಕೊನೆಗೆ, "ಸರೋಜ, ಮೊದಲ ತಟ್ಟೆಗೆ ನೀನೇ ಕೂತ್ಕೋ. ಸರಿಯಾಗಿ ನೋಡು" ಎಂದಳು. ಮುದ್ದೆಗೆ ಪಕ್ಕದ ಮನೆಯ ಹೆಂಗಸೊಬ್ಬರನ್ನು ಗೊತ್ತು ಮಾಡಿದ್ದೆವು.

ಮಾರನೆಯ ದಿನ ಹನ್ನೊಂದೂವರೆಗೆ ಅಣ್ಣ ತಟ್ಟೆ ತಂದಿಟ್ಟು ಎದುರಿಗೆ ನಿಂತ. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಮಸಾಲೆ ಹಸಿಯಾಗಿತ್ತು. ಶುಂಠಿ, ಬೆಳ್ಳುಳ್ಳಿ, ಧನಿಯಾ ಒಂದೊಂದೂ ಬೇರೆ ಬೇರೆಯಾಗಿ ನಾಲಿಗೆಗೆ ತಾಗುತ್ತಿದ್ದವು. ಇದರಲ್ಲಿ ಸಂದೇಹಕ್ಕೆ ಎಡೆಯೇ ಇರಲಿಲ್ಲ.

"ಆಯ್ತಾ?" ಎಂದು ಅಣ್ಣ ಕೇಳಿದ.

ನಾನು ಅವನ ಮುಖ ನೋಡಿದೆ. ಅಪ್ಪನ ಕಾಲದಿಂದ ಇಪ್ಪತ್ತೈದು ವರ್ಷ ಅದೇ ಸಾರು ಮಾಡಿದ ಮನುಷ್ಯ. ನನ್ನ ನಾಲಿಗೆಯೇ ಸರಿಯಿಲ್ಲವೇನೋ ಎನಿಸಿತು.

"ಆಯ್ತು" ಎಂದೆ.

ಹಲಗೆಗಳನ್ನು ತೆಗೆದೆವು. ರಾಮಯ್ಯನವರು ನಾಲ್ಕು ತುತ್ತು ಉಂಡು ನೀರು ಕುಡಿದು, ಮುದ್ದೆ ಹಾಗೆಯೇ ಬಿಟ್ಟು, ಯಾರ ಮುಖವನ್ನೂ ನೋಡದೆ ಎದ್ದರು. ತಟ್ಟೆಯಲ್ಲಿ ಬಿಟ್ಟೇಳಲು ನಾಚುವವರು ಅಂದು ಬಿಟ್ಟೆದ್ದರು. ಅರುಳ್ ಮಾತ್ರ ಒಳಕ್ಕೆ ಕೇಳುವಂತೆ ಹೇಳಿದ: "ಅಣ್ಣಾ, ಏನಾಯ್ತು ಇವತ್ತು? ಪಚ್ಚೆ ವಾಸನೆ. ಹಸೀ ವಾಸನೆ ಹೊಡೀತಾ ಇದೆ ಸಾರು."

ಅಣ್ಣ ಸೌಟು ಹಿಡಿದೇ ಹೊರಗೆ ಬಂದ. ಅರುಳ್‌ನನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ನೀನು ಉಂಡ್ಯಲ್ಲ?"

"ಉಂಡೆ."

"ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ?"

"ನೀನು ತಪ್ಪು ಮಾಡ್ತೀಯ ಅಂತ ಅನ್ನಿಸ್ಲಿಲ್ಲ ಅಣ್ಣ."

ಅವನು ಸೌಟನ್ನು ಮೇಜಿನ ಮೇಲಿಟ್ಟು ಅರುಳ್ ಪಕ್ಕದಲ್ಲಿ ಕುಳಿತುಬಿಟ್ಟ. ಗಿರಾಕಿಗಳ ಮುಂದೆ ಅವನು ಕುಳಿತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದು ಗಂಟೆಗೆ ಬಾಗಿಲು ಹಾಕಿದೆವು.

ಆಗ ತಿಳಿದದ್ದು ಇಷ್ಟು. ಒಂಬತ್ತು ತಿಂಗಳ ಹಿಂದೆ ಬಂದ ಜ್ವರದ ಜೊತೆಗೆ ಅಣ್ಣನ ವಾಸನೆ ಹಿಡಿಯುವ ಶಕ್ತಿ ಹೋಗಿತ್ತು. ಅದು ಮರಳಿ ಬರುವುದು ಕಷ್ಟವೆಂದು ಡಾಕ್ಟರರು ಹೇಳಿದ್ದರು. ರುಬ್ಬಿದ ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಹುರಿದು ಆಮೇಲೆ ನೀರು ಹಾಕುವುದೇ ಸಾರಿನ ಗುಟ್ಟು. ಅಣ್ಣ ಸೌದೆಯ ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡು ಕಲಿತವನು. ಅವನಿಗೆ ಮೂಗೇ ಎಲ್ಲ.

"ಮತ್ತೆ ಇಷ್ಟು ದಿನ ಹೇಗೆ ಮಾಡ್ದೆ?" ಎಂದು ಕೇಳಿದೆ.

"ಲಚ್ಚಮ್ಮ ನೀರು ಕೇಳ್ತಾಳಲ್ಲ, ಆವಾಗ ಹಾಕ್ತಿದ್ದೆ."

ಆ ಮಾತನ್ನು ನಾನು ದಿನವೂ ಗಲ್ಲಾದ ಬಳಿಯಿಂದ ಕೇಳಿದ್ದೆ. ಹತ್ತೂವರೆಯ ಹೊತ್ತಿಗೆ ಅಕ್ಕ ಪಕ್ಕದ ಒಲೆಯಿಂದ, "ಅಣ್ಣಾ, ಒಂದ್ ಚೊಂಬು ನೀರ್ ಕೊಡು" ಎನ್ನುತ್ತಿದ್ದಳು. ಮುದ್ದೆಯ ಎಸರಿಗೆ ಬೇಕಾಗಿರಬೇಕೆಂದು ತಿಳಿದಿದ್ದೆ. ನಲ್ಲಿ ಇದ್ದದ್ದು ಅವಳ ಪಕ್ಕದಲ್ಲೇ ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಅವಳಿಗೆ ನೀನು ಹೇಳಿದ್ಯಾ?"

"ಇಲ್ಲ. ಒಂದಿನ ಬೋಟಿ ತಳ ಹಿಡೀತಾ ಇತ್ತು. ನಾನು ಪಕ್ಕದಲ್ಲೇ ಸುಮ್ನೆ ನಿಂತಿದ್ದೆ. ಅವಳು ಬಂದು ನನ್ನ ಮುಖ ನೋಡಿದ್ಲು, ಒಲೆ ಆರಿಸಿದ್ಲು, ಹೋದ್ಲು. ಮಾರನೇ ದಿನದಿಂದ ನೀರು ಕೇಳೋಕೆ ಶುರು ಮಾಡಿದ್ಲು."

ಒಂಬತ್ತು ತಿಂಗಳು ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಣ್ಣ, "ಆ ಚಪ್ಪಲಿ ಅಂಗಡಿಯೋರಿಗೆ ಹೇಳಿಕಳ್ಸು ಸರೋಜ. ಮುಚ್ಚಿಬಿಡೋಣ" ಎಂದ.

ನಾನು ಹೇಳಿಕಳಿಸಿದ್ದು ಅಕ್ಕನಿಗೆ. ಬೀಗರಿಗೆ ಕೂಸನ್ನು ಒಪ್ಪಿಸಿ ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಳು. ಚೀಲವನ್ನೂ ಇಳಿಸದೆ ಅಣ್ಣನ ಮುಂದೆ ನಿಂತಳು.

"ಮುಚ್ತೀಯಂತೆ?"

"ಇನ್ನೇನ್ ಮಾಡ್ಲಿ? ನಿನ್ನ ಹಿಡಿದು ಒಲೆ ಪಕ್ಕ ಕಟ್ಟಾಕ್ಲಾ? ಮೊಮ್ಮಗೂನ ನೋಡೋಕೂ ಬಿಡದೆ?"

"ಹಂಗಾದ್ರೆ ಈ ಮನೇಲಿ ಮೂಗು ಇರೋದು ನಂಗೊಬ್ಳಿಗೇನಾ?" ಎಂದು ನನ್ನ ಕಡೆ ತಿರುಗಿದಳು. "ಲೇ ಓದಿದೋಳೇ, ಆ ತಕ್ಕಡಿ ಎಲ್ಲಿಟ್ಟೆ? ಇಳಿಸು."

ಒಬ್ಬ ಅಡುಗೆಯವನನ್ನು ಇಟ್ಟುಕೊಳ್ಳಬಹುದಿತ್ತು. ಅಕ್ಕನೇ ಸಾರು ಮಾಡಬಹುದಿತ್ತು. ಎರಡನ್ನೂ ನಾನು ಹೇಳಿದೆ. ಅಣ್ಣ ಆ ಒಲೆಯ ಮುಂದೆ ನಿಲ್ಲದಿದ್ದರೆ ಹೋಟೆಲು ಇದ್ದೂ ಇಲ್ಲದ ಹಾಗೆ ಎಂದು ಅಕ್ಕ ಎರಡನ್ನೂ ತಳ್ಳಿಹಾಕಿದಳು.

ಕಲಿಯಲು ನಾಲ್ಕು ದಿನ ಬಾಗಿಲು ಹಾಕುವುದೆಂದು ತೀರ್ಮಾನವಾಯಿತು. ಕಾರಣ ತಿಳಿಸುವ ಕೆಲಸ ನನ್ನದು. ಬಹಳ ಯೋಚಿಸಿ, "ಸುಣ್ಣಬಣ್ಣದ ನಿಮಿತ್ತ ನಾಲ್ಕು ದಿನ ರಜೆ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ" ಎಂದು ದುಂಡಗೆ ಬರೆದು ಬಾಗಿಲಿಗೆ ಅಂಟಿಸಿದೆ. ನಮ್ಮ ಮುಖ್ಯ ಗಿರಾಕಿಯೊಬ್ಬ ಪೈಂಟರ್ ಎಂಬುದು ನನಗೆ ನೆನಪಾದದ್ದು ಬಾಗಿಲು ದಡದಡ ಬಡಿದಾಗ.

"ಯಾರು ಮೇಡಮ್ ಸುಣ್ಣ ಹೊಡೀತಾ ಇರೋದು?" ಅರುಳ್‌ನ ಮುಖ ನಿಜವಾಗಿಯೂ ಬಾಡಿತ್ತು. "ಹದಿನೈದು ವರ್ಷದಿಂದ ಊಟ ಮಾಡ್ತೀನಿ ಇಲ್ಲಿ. ಅರುಳ್ ಬೇಡ, ಬೇರೆಯೋನು ಬೇಕಾ? ಲಿಂಗರಾಜಪುರದೋನ್ನ ಕರ್ಸಿದೀರಾ?"

ಒಳಗಿನಿಂದ ಅಣ್ಣನೇ, "ಬಾರೋ ಒಳಗೆ" ಎಂದು ಕರೆದು ಎಲ್ಲವನ್ನೂ ಹೇಳಿದ. ಸಂಜೆ ಅರುಳ್ ಬಕೆಟ್ಟು, ಬ್ರಷ್ಷು ತಂದ. "ಬೋರ್ಡ್ ಹಾಕಿದ ಮೇಲೆ ಸುಳ್ಳಾಗಬಾರದು ಮೇಡಮ್" ಎಂದು ಮುಂಭಾಗಕ್ಕೆ ಬಣ್ಣ ಹೊಡೆಯಲು ಶುರುಮಾಡಿದ.

ಒಳಗೆ ನಾವು ದಿನಕ್ಕೆ ನಾಲ್ಕು ಬಾರಿ ಮಸಾಲೆ ಹುರಿದೆವು. ಈರುಳ್ಳಿ, ಮಸಾಲೆ, ಎಣ್ಣೆ, ಉಪ್ಪು ಎಲ್ಲವನ್ನೂ ನಾನು ತೂಗಿ ಬರೆದುಕೊಂಡೆ. ಅಕ್ಕ ಬೆನ್ನು ತಿರುಗಿಸಿ ನಿಂತು ಮೂಗಿನಿಂದ ಮಾತ್ರ ನೋಡುತ್ತಿದ್ದಳು. ಹಸಿ ವಾಸನೆ ಹೋದ ಕ್ಷಣ "ಹ್ಞೂಂ" ಎನ್ನುತ್ತಿದ್ದಳು. ನಾನು ಗಡಿಯಾರ ನೋಡಿ ನಿಮಿಷ ಬರೆಯುತ್ತಿದ್ದೆ. ಅಣ್ಣ ಬಾಗಿ ಬಾಣಲೆ ನೋಡುತ್ತಿದ್ದ. ಮಸಾಲೆಯ ಬಣ್ಣ ಎಷ್ಟು ಕಂದಾಯಿತು, ಎಣ್ಣೆ ಅಂಚಿನಲ್ಲಿ ಎಷ್ಟು ಬಿಟ್ಟಿತು ಎಂದು. ಐವತ್ತು ದಾಟಿದವನು ಮೊದಲ ಬಾರಿಗೆ ತನ್ನ ಸಾರನ್ನು ಕಣ್ಣಿನಿಂದ ನೋಡಿದ. ಉರಿ ಎಷ್ಟಿರಬೇಕೆಂಬುದಕ್ಕೆ ಅರುಳ್ ಒಳಗೆ ಬಂದು ಗ್ಯಾಸಿನ ಒಲೆಯ ತಿರುಗಣೆಯ ಮೇಲೆ ಕೆಂಪು ಬಣ್ಣದ ಚುಕ್ಕಿ ಇಟ್ಟ.

"ಅಣ್ಣಾ, ಪೈಂಟ್ ವಾಸನೆ ಸಾರಿಗೆ ಹತ್ತುತ್ತಾ ನೋಡಿ" ಎಂದ.

"ನನ್ನ ಕೇಳ್ತೀಯಲ್ಲೋ, ಪುಣ್ಯಾತ್ಮ" ಎಂದು ಅಣ್ಣ ನಕ್ಕ. ಆ ಒಂಬತ್ತು ತಿಂಗಳಲ್ಲಿ ಅವನು ತನ್ನ ಮೂಗಿನ ಬಗ್ಗೆ ತಮಾಷೆ ಮಾಡಿದ್ದು ಅದೇ ಮೊದಲು. ಅಕ್ಕ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು, ನಗುತ್ತ ನಗುತ್ತ ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಐದನೆಯ ದಿನ ಅಕ್ಕ ಚೀಲ ಎತ್ತಿಕೊಂಡು ಬಾಣಂತಿಯ ಬಳಿಗೆ ಮರಳಿದಳು. ಉಳಿದುಕೋ ಎಂದು ನಾನು ಬೇಡಿಕೊಂಡೆ. "ನಾನಿದ್ರೆ ನೀನು ಕಲಿಯಲ್ಲ" ಎಂದಳು. ಅವಳು ಹೇಳಿದ್ದು ಅಣ್ಣನಿಗಲ್ಲ, ನನಗೆ.

ಹನ್ನೊಂದೂವರೆಗೆ ಅಣ್ಣ ತಟ್ಟೆ ತಂದಿಟ್ಟ. ಹಲಗೆಗಳ ಸಂದಿನಿಂದ ಹೊರಗೆ ನಿಂತವರ ಕಾಲುಗಳು ಕಾಣುತ್ತಿದ್ದವು. ಮುದ್ದೆ ಮುರಿದು ಬಾಯಿಗಿಟ್ಟೆ. ಸಾರು ಬಹುಮಟ್ಟಿಗೆ ಸರಿಯಿತ್ತು. ಆದರೆ ಧನಿಯಾದ ಹಸಿತನ ಎಳೆಯಷ್ಟು ಉಳಿದಿತ್ತು. ಗಿರಾಕಿಗಳಲ್ಲಿ ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ.

"ಆಯ್ತಾ?"

ನನ್ನ ಕೈ ತಟ್ಟೆಯಲ್ಲೇ ಇತ್ತು. ಅವನ ಮುಖ ನೋಡಿದರೆ ಹೇಳಲಾರೆನೆಂದು ತಟ್ಟೆಯನ್ನೇ ನೋಡುತ್ತ, "ಇಲ್ಲ ಅಣ್ಣ. ಇನ್ನೂ ಆಗಿಲ್ಲ" ಎಂದೆ.

ಅವನು ಒಳಗೆ ಹೋದ. ಪಾತ್ರೆಯನ್ನು ಬದಿಗಿಟ್ಟು, ಮತ್ತೆ ಎಣ್ಣೆ ಕಾಯಿಸಿ, ಮಸಾಲೆಯನ್ನು ಹೊಸದಾಗಿ ಹುರಿಯತೊಡಗಿದ ಸದ್ದು ಕೇಳಿಸಿತು. ಹೊರಗೆ ಅರುಳ್, "ಮೇಡಮ್, ಗಂಟೆ ಹನ್ನೆರಡಾಯ್ತು!" ಎಂದು ಕೂಗಿದ. "ಇರೋ, ಅವಸರ ಏನು" ಎಂದು ರಾಮಯ್ಯನವರು ಅವನನ್ನು ಗದರಿದ್ದೂ ಕೇಳಿಸಿತು. ಹನ್ನೆರಡೂವರೆ ದಾಟಿದ ಮೇಲೆ ಎರಡನೆಯ ತಟ್ಟೆ ಬಂತು. ಉಂಡು, "ಆಯ್ತು" ಎಂದೆ. ಅಣ್ಣ ಹಲಗೆ ತೆಗೆಯಲು ಹೋಗುತ್ತ ನನ್ನ ತಲೆಯ ಮೇಲೆ ಒದ್ದೆಯ ಕೈ ಇಟ್ಟು, "ಈಗ ಬಂತು ನೋಡು ನಿಂಗೆ ಹೋಟ್ಲು ಕೆಲ್ಸ" ಎಂದ.

ಅಂದು ತಟ್ಟೆಗಳು ಖಾಲಿಯಾಗಿ ವಾಪಸ್ಸು ಬಂದವು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇವು. ಅಣ್ಣನಿಗೆ ವಾಸನೆ ಮರಳಿ ಬರಲಿಲ್ಲ. ಆದರೂ ಮಂಡಿ ನೋವು ಕೂರಿಸುವವರೆಗೆ, ಮುಂದಿನ ಎಂಟು ವರ್ಷ ಅವನೇ ಸಾರು ಮಾಡಿದ. ಈಗ ಕೆ.ಆರ್. ಪುರದ ಮನೆಯಲ್ಲಿರುತ್ತಾನೆ, ಭಾನುವಾರ ಬಂದು ಗಿರಾಕಿಗಳ ಬೆಂಚಿನ ಮೇಲೆ ಕುಳಿತು ಉಣ್ಣುತ್ತಾನೆ. ಪಾದರಕ್ಷೆಯ ಅಂಗಡಿಯವರು ಬೇರೆ ಕಡೆ ಜಾಗ ಹಿಡಿದರು. ಅಕ್ಕ ವರ್ಷಕ್ಕೆ ಎರಡು ಬಾರಿ ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರತೊಡಗಿದಳು. ಅವಳು ತೀರಿಕೊಂಡು ಮೂರು ವರ್ಷವಾಯಿತು. ಸಾರಿನ ಒಲೆ ಈಗ ಶೋಭಾಳದು. ನಾನು ಬರೆದಿಟ್ಟ ಪುಸ್ತಕ ಅವಳ ಬಳಿ ಇದೆ, ಒಲೆ ಹೊಸದಾದರೂ ಕೆಂಪು ಚುಕ್ಕಿ ಇದೆ. ಮುದ್ದೆಯನ್ನು ನಾವು ತೂಗುವುದಿಲ್ಲ, ಕಿಂಡಿಯಿಂದ ನೋಡಿಯೇ ಕಟ್ಟುತ್ತೇವೆ. ಗಲ್ಲಾದಿಂದ ನಾನು ನಿವೃತ್ತಳಾಗಿದ್ದರೂ ಹನ್ನೊಂದೂವರೆಗೆ ಹೋಗಿ ಮೊದಲ ತಟ್ಟೆಯ ಮುಂದೆ ಕೂರುತ್ತೇನೆ. ತಿಂಗಳಿಗೆ ಎರಡು ಮೂರು ಬಾರಿ "ಆಗಿಲ್ಲ" ಎನ್ನುತ್ತೇನೆ. ಶೋಭಾ ಮುಖ ಊದಿಸಿಕೊಂಡು ಒಳಗೆ ಹೋಗಿ ಮತ್ತೆ ಮಾಡುತ್ತಾಳೆ.

ಹೋಟೆಲು ತೆರೆದಿದೆ. ಸೋಮವಾರ ರಜೆ.